ಹೊಸ ಬಡಾವಣೆಗೆ ಮೊದಲು ಕೇಳಬೇಕಾದದ್ದು ಕಿಲೋಮೀಟರ್ ಲೆಕ್ಕ

ಊರಂಚಿನಲ್ಲಿ ದೊಡ್ಡ ಬಡಾವಣೆಯ ಪ್ರಸ್ತಾವ ಬಂತು ಅಂದರೆ ಅದರ ಹಿಂದೆಯೇ ದಪ್ಪನೆಯ ಸಂಚಾರ ವರದಿಯೂ ಬರುತ್ತದೆ. ಅಂಥ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಹೆಚ್ಚಿನವು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ಗೇಟಿನ ಸುತ್ತಲಿನ ನಾಲ್ಕೈದು ಜಂಕ್ಷನ್‌ಗಳು ಹೊಸ ವಾಹನಗಳನ್ನು ತಡೆದುಕೊಳ್ಳುತ್ತವೆಯೇ? ಕೇಳಬೇಕಾದ ಪ್ರಶ್ನೆಯೇ. ಆದರೆ ವಾಹನಗಳು ಓಡುವ ಒಟ್ಟು ದೂರ ಕಡಿಮೆ ಆಗಬೇಕು ಅನ್ನುವ ಇಡೀ ಪ್ರದೇಶದ ಸಾರಿಗೆ ಗುರಿಗೆ ಈ ಬಡಾವಣೆ ಹೊಂದುತ್ತದೆಯೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಎಷ್ಟೋ ಸಲ ಉಲ್ಟಾ ಉತ್ತರವೇ ಸಿಗುತ್ತದೆ.

ಹೇಗೆ ಅಂತ ನೋಡಿ. ಜಂಕ್ಷನ್‌ಗಳಿಗೆ ಎ ಇಂದ ಎಫ್ ತನಕ ದರ್ಜೆ ಕೊಡುವ ಪದ್ಧತಿ ಇದೆ. ಲೆವೆಲ್ ಆಫ್ ಸರ್ವಿಸ್ ಅನ್ನುತ್ತಾರೆ. 1965ರ ಅಮೆರಿಕದ ಹೈವೇ ಕೆಪಾಸಿಟಿ ಮ್ಯಾನುಯಲ್‌ನಿಂದ ಬಂದದ್ದು. ಈಗಿನ ಲೆಕ್ಕದಲ್ಲಿ, ಸಿಗ್ನಲ್‌ನಲ್ಲಿ ವಾಹನಕ್ಕೆ ಸರಾಸರಿ 10 ಸೆಕೆಂಡಿನ ಒಳಗೆ ತಡವಾದರೆ ಎ, 80 ಸೆಕೆಂಡ್ ದಾಟಿದರೆ ಎಫ್. ಊರೊಳಗೆ, ಆಫೀಸು ಶಾಲೆಗಳು ಹತ್ತಿರ ಇರುವ ಕಡೆ, ಸಿಗ್ನಲ್‌ಗಳು ಈಗಾಗಲೇ ತುಂಬಿರುತ್ತವೆ. ಅಲ್ಲಿ ನೂರು ಮನೆ ಸೇರಿಸಿದರೂ ಎಫ್ ಬರಬಹುದು. ಮೂವತ್ತು ಕಿಲೋಮೀಟರ್ ಆಚೆ ಖಾಲಿ ರಸ್ತೆಯ ಪಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ ಮನೆ ಕಟ್ಟಿದರೂ ಬಿ ಸಿಕ್ಕಿಬಿಡುತ್ತದೆ. ಅಂದರೆ ಈ ಅಳತೆ ಮನೆಗಳನ್ನು ದೂರಕ್ಕೆ ತಳ್ಳುತ್ತದೆ. ಅಲ್ಲಿಂದ ಹೊರಟ ಕಾರು ಕೊನೆಗೆ ಬಂದು ನಿಲ್ಲುವುದು ಊರೊಳಗಿನ ಅದೇ ಸಿಗ್ನಲ್‌ನಲ್ಲಿ, ಅಲ್ವಾ? ವರದಿಯ ನಕ್ಷೆ ಅಷ್ಟು ದೂರ ಚಾಚಿರುವುದಿಲ್ಲ.

ಕ್ಯಾಲಿಫೋರ್ನಿಯಾ ಈ ತೊಡಕನ್ನು ಕಂಡು 2013ರಲ್ಲಿ ಕಾನೂನು ತಂದಿತು. 2020ರ ಜುಲೈಯಿಂದ ಅಲ್ಲಿನ ಪರಿಸರ ಪರಿಶೀಲನೆಯಲ್ಲಿ ಜಂಕ್ಷನ್‌ನ ತಡ ಮುಖ್ಯವಲ್ಲ. ಯೋಜನೆಯಿಂದ ವಾಹನಗಳ ಓಟ, ಅಂದರೆ ಅವು ಓಡುವ ಒಟ್ಟು ಕಿಲೋಮೀಟರ್, ಎಷ್ಟು ಆಗುತ್ತದೆ ಅನ್ನುವುದೇ ಮುಖ್ಯ. ಹೊಸ ವಸತಿ ಯೋಜನೆಯ ತಲಾ ಓಟ ಈಗಿನ ಸರಾಸರಿಗಿಂತ 15% ಕಡಿಮೆ ಇರಲಿ ಅನ್ನುವುದು ಆ ರಾಜ್ಯ ಕೊಟ್ಟ ಸಲಹೆ.

ನಾನೂ ಮೊದಲು ಕೇಳುವುದು ಈ ಲೆಕ್ಕವನ್ನೇ. ಸಾವಿರ ಮನೆಗಳ ಬಡಾವಣೆ ಅಂದುಕೊಳ್ಳಿ. ಕಾರನ್ನೇ ನಂಬಿದ ಅಮೆರಿಕದ ಬಿಡಿ ಮನೆಗಳಿಗೆ ಬಳಸುವ ಲೆಕ್ಕದಂತೆ ಮನೆಗೆ ದಿನಕ್ಕೆ ಸುಮಾರು 9 ಟ್ರಿಪ್. ಒಟ್ಟು 9,000. ಒಂದು ಟ್ರಿಪ್ ಸರಾಸರಿ 5 ಕಿಲೋಮೀಟರ್ ಆದರೆ ದಿನದ ಓಟ 45,000 ಕಿಲೋಮೀಟರ್. ಅದೇ 15 ಆದರೆ 1,35,000. ಗೇಟಿನಿಂದ ಹೊರಬೀಳುವ ಕಾರುಗಳು ಎರಡರಲ್ಲೂ ಅಷ್ಟೇ. ಜಂಕ್ಷನ್ ವರದಿಗೆ ಎರಡೂ ಒಂದೇ ಬಡಾವಣೆ. ಪ್ರದೇಶದ ಮೇಲೆ ಬೀಳುವ ಭಾರ ಮಾತ್ರ ಮೂರು ಪಟ್ಟು.

ಇದನ್ನು ಎತ್ತಿದ ಕೂಡಲೇ ಬಿಲ್ಡರ್ ಕಡೆಯಿಂದ ಬರುವ ಮಾತು, "ರಸ್ತೆ ಅಗಲ ಮಾಡಿಕೊಡ್ತೇವೆ ಸಾರ್." ಇದು ಪರಿಹಾರ ಅಂತ ನಾನು ಒಪ್ಪುವುದಿಲ್ಲ. ಅಮೆರಿಕದ ನಗರಗಳ ಅಂಕಿಗಳನ್ನು ನೋಡಿ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದ್ದು ಇದು: ಹೆದ್ದಾರಿಯ ಉದ್ದ ಅಗಲ ಎಷ್ಟು ಬೆಳೆಯುತ್ತದೋ, ವಾಹನಗಳ ಓಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ.

ಇನ್ನು ಬಸ್ಸಿನ ವಿಷಯ. "ಬಸ್ ಸ್ಟಾಪ್ 400 ಮೀಟರ್ ಒಳಗಿದೆ" ಅಂತ ಹೆಚ್ಚಿನ ವರದಿಗಳಲ್ಲಿ ಬರೆದಿರುತ್ತದೆ. 400 ಮೀಟರ್ ಅಂದರೆ ಐದು ನಿಮಿಷದ ನಡಿಗೆ. ಒಳ್ಳೆಯ ಅಳತೆ. ಆದರೆ ಅಳೆದದ್ದು ಹೇಗೆ? ನಕ್ಷೆಯ ಮೇಲೆ ಸುಮ್ನೆ ಒಂದು ವೃತ್ತ ಎಳೆದಿರುತ್ತಾರೆ. ಜನ ನಡೆಯುವುದು ರಸ್ತೆಯಲ್ಲಿ. ಸುತ್ತ ಕಾಂಪೌಂಡ್ ಗೋಡೆ, ಒಂದೇ ಗೇಟು, ಒಳಗಿನ ಅಡ್ಡರಸ್ತೆಗಳೆಲ್ಲ ಕೊನೆಯಲ್ಲಿ ಬಂದ್. ಹೀಗಿರುವ ಕಡೆ ಕೊನೆಯ ಮನೆಯಿಂದ ನೇರ 300 ಮೀಟರ್ ಇರುವ ಸ್ಟಾಪಿಗೆ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಸುತ್ತಬೇಕಾಗುತ್ತದೆ. ಆಮೇಲೆ ಫುಟ್‌ಪಾತ್ ಇಲ್ಲದ ಆರು ಲೇನ್ ರಸ್ತೆ ದಾಟಬೇಕು. ಮಗುವಿನ ಕೈ ಹಿಡಿದವರೋ ಮೊಣಕಾಲು ನೋವಿರುವವರೋ ಆ ಬಸ್ಸನ್ನು ಹತ್ತುವುದೇ ಇಲ್ಲ. ಹಾಗಾಗಿ ಮನೆ ಬಾಗಿಲಿನಿಂದ ಸ್ಟಾಪಿನ ತನಕ ನಡೆಯುವ ದಾರಿಯನ್ನೇ ಅಳೆದು ಕೊಡಿ, ಎಷ್ಟು ಮನೆಗಳು 400 ಮೀಟರ್ ಒಳಗೆ ಬರುತ್ತವೆ ಹೇಳಿ ಅಂತ ಕೇಳುತ್ತೇನೆ. ಉತ್ತರ ಬಂದಾಗ ಆ ಸಂಖ್ಯೆ ಅರ್ಧಕ್ಕೆ ಇಳಿದರೂ ನನಗೆ ಆಶ್ಚರ್ಯ ಆಗುವುದಿಲ್ಲ. ಸಂತೋಷದ ಸಂಗತಿ ಅಂದರೆ, ನಡೆದು ಬರುವವರಿಗೆ ಗೋಡೆಯಲ್ಲಿ ಎರಡು ಚಿಕ್ಕ ಗೇಟು ಬಿಟ್ಟರೆ ಇದು ಬಹಳ ಮಟ್ಟಿಗೆ ಸರಿಹೋಗುತ್ತದೆ. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ತಿದ್ದುಪಡಿ ಇನ್ನೊಂದಿಲ್ಲ.

ಬಸ್ಸು ಯಾವಾಗ ಬರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. "ಮುಂದಿನ ಹಂತದಲ್ಲಿ" ಅಂದರೆ ನನಗೆ ಚಿಂತೆ ಶುರುವಾಗುತ್ತದೆ. ಮನೆ ಬದಲಾಯಿಸಿದ ಹೊಸತರಲ್ಲೇ ಜನ ಓಡಾಟದ ಅಭ್ಯಾಸವನ್ನೂ ಬದಲಾಯಿಸುವುದು. ಆಗ ಬಸ್ ಇಲ್ಲದಿದ್ದರೆ ಎರಡನೇ ಕಾರು ಕೊಳ್ಳುತ್ತಾರೆ. ಕೊಂಡ ಮೇಲೆ ಬಸ್ ಬಂದು ಏನು ಪ್ರಯೋಜನ? ಸ್ವೀಡನ್‌ನ ಸ್ಟಾಕ್‌ಹೋಮ್‌ನ ಹೊರವಲಯದ ವೆಲ್ಲಿಂಗ್‌ಬಿ ಬಡಾವಣೆ ಇದನ್ನು ಸರಿಯಾಗಿ ಮಾಡಿತು. ಅಲ್ಲಿಗೆ ಮೆಟ್ರೋ 1952ರಲ್ಲೇ ಬಂತು. ಅಂಗಡಿ, ಕಚೇರಿಗಳಿರುವ ಕೇಂದ್ರ ಉದ್ಘಾಟನೆ ಆದದ್ದು 1954ರಲ್ಲಿ.

ಅಕ್ಕಪಕ್ಕದ ಪ್ರಸ್ತಾವಗಳನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಒಂದೊಂದೇ ಬಂದಾಗ ಪ್ರತಿಯೊಂದೂ "ಸ್ವಲ್ಪವೇ ಹೆಚ್ಚಳ" ಅನ್ನುತ್ತದೆ.

ಇಷ್ಟೆಲ್ಲ ಆದಮೇಲೆ ಬೇಡ ಅಂದುಬಿಡುವುದು ಸುಲಭ. ಆದರೆ ಮನೆ ಬೇಕಾದವರು ಎಲ್ಲಿಗೆ ಹೋಗುತ್ತಾರೆ? ಇನ್ನೂ ಹತ್ತು ಕಿಲೋಮೀಟರ್ ಆಚೆಗೆ ಹೋದರೆ ಗುರಿ ಮತ್ತಷ್ಟು ಕೆಡುತ್ತದೆ. ಆದ್ದರಿಂದ ಪ್ರಸ್ತಾವವನ್ನು ಖಾಲಿ ಜಾಗದ ಜೊತೆ ಹೋಲಿಸದೆ, ಅದೇ ಮನೆಗಳು ಬೇರೆಲ್ಲಿ ಏಳಬಹುದೋ ಆ ಜಾಗದ ಜೊತೆ ಹೋಲಿಸುತ್ತೇನೆ. ಅಲ್ಲಿಗಿಂತ ಇಲ್ಲೇ ತಲಾ ಓಟ ಕಡಿಮೆ ಅಂತ ಕಂಡರೆ ಒಪ್ಪಿಗೆಗೆ ಶಿಫಾರಸು ಮಾಡುತ್ತೇನೆ, ಷರತ್ತಿನ ಮೇಲೆ. ಷರತ್ತನ್ನು "ಸಾರ್ವಜನಿಕ ಸಾರಿಗೆಗೆ ಪ್ರೋತ್ಸಾಹ ನೀಡತಕ್ಕದ್ದು" ಅಂತ ಬರೆದರೆ ಯಾರೂ ಜಾರಿ ಮಾಡಲಾರರು. ಮೊದಲ ಇನ್ನೂರು ಮನೆಗಳಿಗೆ ವಾಸದ ಅನುಮತಿ ಕೊಡುವ ದಿನ ಹದಿನೈದು ನಿಮಿಷಕ್ಕೊಂದು ಬಸ್ ಓಡುತ್ತಿರಬೇಕು, ಎರಡೂ ಚಿಕ್ಕ ಗೇಟುಗಳು ತೆರೆದಿರಬೇಕು, ಇಲ್ಲದಿದ್ದರೆ ಎರಡನೇ ಹಂತಕ್ಕೆ ಅನುಮತಿ ಇಲ್ಲ. ಹೀಗೆ ಬರೆದರೆ ಜಾಗಕ್ಕೆ ಹೋಗಿ ಯಾರು ಬೇಕಾದರೂ ಪರೀಕ್ಷಿಸಬಹುದು.