ಕುಚೆರಾ ರೇಖೆ: ಕಾಡು ಸುಟ್ಟ ಮೇಲೆ ಹೊಳೆ ಸೊರಗುವ ಲೆಕ್ಕ

ಅರಣ್ಯ ಜಲವಿಜ್ಞಾನದಲ್ಲಿ ನಾನು ತಲೆಕೆಳಗಾಗಿ ತಿಳಿದುಕೊಂಡಿದ್ದ ಪಾಠ ಇದು, ಅದಕ್ಕೇ ಬಿಡಿಸಿ ಬರೆದಿಡುತ್ತಿದ್ದೇನೆ. ಕಾಡು ಸುಟ್ಟರೆ ನೀರು ಹೀರುವ ಮರವೇ ಉಳಿಯುವುದಿಲ್ಲ, ಆದ್ದರಿಂದ ಹೊಳೆಗೆ ನೀರು ಜಾಸ್ತಿ ಎಂದುಕೊಂಡಿದ್ದೆ. ಮೊದಲ ಒಂದೆರಡು ವರ್ಷದ ಮಟ್ಟಿಗೆ ಇದು ಸರಿ. ಆಮೇಲೆ ಲೆಕ್ಕ ಮಗುಚುತ್ತದೆ.

ಜಾಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. 1939ರ ಜನವರಿ 13ರ ಶುಕ್ರವಾರ ಎದ್ದ ಕಾಳ್ಗಿಚ್ಚು ಅಲ್ಲಿನ ಬೆಟ್ಟದ ಕಾಡುಗಳನ್ನು ನುಂಗಿತು. ಆ ಬೇಸಿಗೆಯ ಬೆಂಕಿಗೆ 71 ಜನ ಸತ್ತರು. ಮೆಲ್ಬರ್ನ್ ನಗರಕ್ಕೆ ಕುಡಿಯುವ ನೀರು ಕೊಡುವ ಮರೂಂಡಾ ಮುಂತಾದ ಜಲಾನಯನ ಪ್ರದೇಶಗಳೂ ಸುಟ್ಟವು. ಅಲ್ಲಿ ಹೊಳೆಯ ಹರಿವನ್ನು ಬೆಂಕಿಗೆ ಮುಂಚಿನಿಂದಲೂ ಅಳೆದು ಬರೆದಿಡುತ್ತಿದ್ದರು. ಮುಂದಿನ ಸಂಶೋಧನೆಗೆಲ್ಲ ಆ ದಫ್ತರವೇ ಬಂಡವಾಳ. 1976ರಲ್ಲಿ ಲ್ಯಾಂಗ್‌ಫರ್ಡ್ ಎಂಬವರು ಆ ಅಂಕಿಗಳಿಂದ ಹರಿವು ಕುಸಿದದ್ದನ್ನು ತೋರಿಸಿದರು. 1980ರ ದಶಕದಲ್ಲಿ ಜಾರ್ಜ್ ಕುಚೆರಾ ಎಂಬ ಸಂಶೋಧಕರು ಕಾಡಿನ ವಯಸ್ಸಿಗೂ ಹೊಳೆಯ ನೀರಿಗೂ ಇರುವ ನಂಟನ್ನು ಒಂದು ಸೂತ್ರಕ್ಕೆ ಇಳಿಸಿದರು. ಆ ಸೂತ್ರದಿಂದ ಎಳೆದ ಗೆರೆಯೇ ಕುಚೆರಾ ರೇಖೆ.

ಮೊದಲು ಮರದ ಗುಣ ತಿಳಿದಿರಲಿ. ಇದು ಮೌಂಟನ್ ಆ್ಯಶ್, ಅಂದರೆ ಯೂಕಲಿಪ್ಟಸ್ ರೆಗ್ನನ್ಸ್, ನಮ್ಮ ನೀಲಗಿರಿಯ ಬಳಗದ್ದೇ. ಹೂ ಬಿಡುವ ಗಿಡಮರಗಳಲ್ಲೇ ಜಗತ್ತಿನಲ್ಲಿ ಅತಿ ಎತ್ತರದವುಗಳಲ್ಲಿ ಒಂದು. ಬಹುಪಾಲು ಯೂಕಲಿಪ್ಟಸ್‌ಗಳು ಬೆಂಕಿ ಬಿದ್ದ ಮೇಲೂ ಕಾಂಡದಿಂದ ಚಿಗುರುತ್ತವೆ. ಇದು ಹಾಗಲ್ಲ, ಜೋರು ಬೆಂಕಿಗೆ ಸತ್ತೇ ಹೋಗುತ್ತದೆ. ಸಾಯುವಾಗ ನೆತ್ತಿಯ ಕಾಯಿಗಳಿಂದ ಬೀಜ ಉದುರಿಸುತ್ತದೆ. ಬೂದಿಯ ಮೇಲೆ ಹೆಕ್ಟೇರಿಗೆ ಲಕ್ಷಗಟ್ಟಲೆ ಸಸಿ ಒಟ್ಟಿಗೇ ಏಳುತ್ತವೆ. ಹೀಗಾಗಿ ಇಡೀ ಕಾಡು ಒಂದೇ ವಯಸ್ಸಿನದು, ಎಲ್ಲವಕ್ಕೂ ಏರು ಜವ್ವನ.

ಈಗ ಸೂತ್ರ. ಮುದಿ ಕಾಡಿನಿಂದ ವರ್ಷಕ್ಕೆ ಸರಾಸರಿ 1195 ಮಿಲಿಮೀಟರ್ ನೀರು (ಮಳೆಯಂತೆಯೇ, ಇಡೀ ನೆಲದ ಮೇಲೆ ಹರಡಿದರೆ ನಿಲ್ಲುವ ಎತ್ತರದ ಲೆಕ್ಕ) ಹೊಳೆಗೆ ಇಳಿಯುತ್ತದೆ. ಸುಟ್ಟು ಎಷ್ಟು ವರ್ಷವಾಯಿತೋ ಅದರಲ್ಲಿ 2 ಕಳೆದು 0.039ರಿಂದ ಗುಣಿಸಿ, ಬಂದದ್ದನ್ನು ‘ಕ’ ಅನ್ನಿ. ನೀರಿನ ಇಳಿಕೆ = 615 × ಕ × 2.718ರ (1 − ಕ) ಘಾತ. 10 ವರ್ಷದ ಕಾಡಿಗೆ ಹಾಕಿ ನೋಡೋಣ: ಕ = 0.312, ಇಳಿಕೆ ಸುಮಾರು 382 ಮಿ.ಮೀ. ಉಳಿದದ್ದು 813. ಕ ನಿಖರವಾಗಿ 1 ಆದಾಗ ಇಳಿಕೆ ಗರಿಷ್ಠ. ಅದು 27–28ನೇ ವರ್ಷದಲ್ಲಿ, ಆಗ ಹೊಳೆಗೆ ಸಿಗುವುದು 580 ಮಾತ್ರ, ಅರ್ಧಕ್ಕಿಂತ ಕಡಿಮೆ. 60 ವರ್ಷಕ್ಕೆ ಹಾಕಿದರೆ ಸುಮಾರು 800 ಬರುತ್ತದೆ. ಅಂದರೆ 10ರ ಕಾಡೂ 60ರ ಕಾಡೂ ಹೆಚ್ಚುಕಡಿಮೆ ಒಂದೇ ನೀರು ಕೊಡುತ್ತವೆ. ಕುಸಿತ ಥಟ್ಟನೆ, ಚೇತರಿಕೆ ಆಮೆಗತಿ. 100ನೇ ವರ್ಷದಲ್ಲೂ 140 ಮಿ.ಮೀ. ಬಾಕಿ ಇರುತ್ತದೆ.

ಮಿಲಿಮೀಟರಿನಲ್ಲಿ ಹೇಳಿದರೆ ನನಗಂತೂ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ನೀರೆಂದರೆ 10,000 ಲೀಟರ್. 615 ಮಿ.ಮೀ. ಅಂದರೆ 61.5 ಲಕ್ಷ ಲೀಟರ್, ಬೆಂಗಳೂರಿನ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಲೋಡು. ಒಂದೇ ಹೆಕ್ಟೇರಿನಿಂದ, ಒಂದೇ ವರ್ಷದಲ್ಲಿ.

ಈ ನೀರು ಹೋಗುವುದೆಲ್ಲಿಗೆ? ಮರ ಕೊಯ್ದ ದಿಮ್ಮಿಯ ತುದಿ ನೋಡಿದ್ದರೆ ಬೇಗ ಅರ್ಥವಾಗುತ್ತದೆ. ನಡುವೆ ಗಟ್ಟಿ ಚೇಗು, ಸುತ್ತ ತಿಳಿಬಣ್ಣದ ಹೊರಪದರ. ಬೇರಿನಿಂದ ನೀರು ಏರುವುದು ಆ ಹೊರಪದರದಲ್ಲಿ ಮಾತ್ರ. 50 ವರ್ಷದಿಂದ 230 ವರ್ಷದವರೆಗಿನ ಕಾಡುಗಳಲ್ಲಿ ಅಳೆದಾಗ ನೀರು ಏರುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಹೊರಪದರದ ಒಟ್ಟು ವಿಸ್ತೀರ್ಣದಲ್ಲಿ. ಎಳೆ ಕಾಡಿನಲ್ಲಿ ಮರಗಳು ಕಿಕ್ಕಿರಿದಿರುತ್ತವೆ, ಕಾಂಡ ಸಣ್ಣದಾದರೂ ಎಲ್ಲವನ್ನೂ ಕೂಡಿಸಿದರೆ ನೀರಿನ ದಾರಿ ಅಗಲ. ವಯಸ್ಸಾದಂತೆ ಮರಗಳ ಸಂಖ್ಯೆ ಇಳಿದು, ಒಟ್ಟು ಎಲೆಯೂ ಕಡಿಮೆಯಾಗುತ್ತದೆ.

ಇಲ್ಲೊಂದು ಎಚ್ಚರ. ನಮ್ಮಲ್ಲಿ ‘ನೀಲಗಿರಿ ಮರ ಅಂತರ್ಜಲ ಕುಡಿಯುತ್ತದೆ’ ಎಂಬ ಮಾತಿದೆಯಲ್ಲ, ಕರ್ನಾಟಕ ಸರ್ಕಾರ 2017ರಲ್ಲಿ ಹೊಸ ನೆಡುತೋಪಿಗೆ ತಡೆ ಹಾಕಿದ್ದೂ ಆ ಚರ್ಚೆಯ ನಡುವೆಯೇ. ಕುಚೆರಾ ರೇಖೆಯನ್ನು ಅದಕ್ಕೆ ಸಾಕ್ಷಿಯಾಗಿ ಎಳೆದು ತರಬೇಡಿ. ಇಲ್ಲಿ ಹೋಲಿಕೆ ನಡೆದಿರುವುದು ಒಂದೇ ಜಾತಿಯ ಎಳೆ ಮರಕ್ಕೂ ಮುದಿ ಮರಕ್ಕೂ, ಅದೂ ಆ ಮರದ ತವರಿನಲ್ಲಿ. ಕಾಂಡದಿಂದ ಚಿಗುರುವ ಮರಗಳ ಕಾಡಿಗೂ ರೇಖೆ ಹೊಂದುವುದಿಲ್ಲ. ಅದು ಹಲವು ಜಲಾನಯನಗಳನ್ನು ಸೇರಿಸಿ ತೆಗೆದ ಸರಾಸರಿಯಾದ್ದರಿಂದ ಒಂದೊಂದು ಹೊಳೆ ರೇಖೆಯಿಂದ ಸಾಕಷ್ಟು ಆಚೀಚೆ ಹೋಗುತ್ತದೆ. ಮೊದಲ ವರ್ಷಗಳ ಏರಿಕೆಯನ್ನಂತೂ ಸೂತ್ರ ಹಿಡಿಯುವುದೇ ಇಲ್ಲ, ಆ 2 ಕಳೆದದ್ದು ಸುಮ್ಮನೆ ದಾಟಿಕೊಳ್ಳಲು.

2009ರ ಫೆಬ್ರುವರಿ 7ರಂದು ವಿಕ್ಟೋರಿಯಾ ಮತ್ತೆ ಹೊತ್ತಿತು, 173 ಜನ ತೀರಿಕೊಂಡರು. ಮೆಲ್ಬರ್ನಿನ ಉತ್ತರಕ್ಕಿರುವ ವಾಲಬಿ ಕ್ರೀಕ್‌ನಲ್ಲಿ ಸುಮಾರು 300 ವರ್ಷದ ಮೌಂಟನ್ ಆ್ಯಶ್ ಕಾಡೂ ಸುಟ್ಟಿತು. 2009ಕ್ಕೆ 27.6 ಕೂಡಿಸಿ: ರೇಖೆ ಹೇಳಿದಂತೆ ನಡೆದರೆ ಅಲ್ಲಿನ ಹೊಳೆ ತಳ ಮುಟ್ಟುವುದು 2036ರ ಹೊತ್ತಿಗೆ.