ಭಾರದ ಬ್ರಿಡ್ಜ್ ಹಾಕಿಸಿದರೆ ಬೇಸ್ ಗಿಟಾರ್‌ನ ನಾದ ಹೆಚ್ಚು ಹೊತ್ತು ನಿಲ್ಲುತ್ತದೆಯೇ?

ಪ್ರಶ್ನೆ: ಸರ್, ನಾನು ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾಲ್ಕು ತಂತಿಯ, ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯ ವಾದ್ಯ. ಕೊಂಡು ಐದಾರು ವರ್ಷವಾಯಿತು. ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಒಂದೆರಡು ಸ್ವರಗಳು ಮೀಟಿದ ಕೂಡಲೇ ಸತ್ತುಹೋಗುತ್ತವೆ. ತಂತಿಗಳ ತುದಿ ಹಿಡಿಯುವ ತೆಳು ತಗಡಿನ ಬ್ರಿಡ್ಜ್ ತೆಗೆಸಿ ಗಟ್ಟಿ ಹಿತ್ತಾಳೆಯದ್ದು ಹಾಕಿಸಿದರೆ ಸಸ್ಟೇನ್, ಎಂದರೆ ನಾದ ನಿಲ್ಲುವ ಹೊತ್ತು, ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಂಟು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಹಾಕಿಸಲೇ?

ಬೇಡ. ಹಾಕಿಸಬೇಡಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಗಣೇಶನ ಹಬ್ಬ ಹತ್ತಿರವಾಗಿ ಕಾರ್ಯಕ್ರಮಗಳ ಮುಂಗಡ ಕೈಸೇರುವ ಹೊತ್ತಿಗೆ ಪ್ರತಿ ವರ್ಷವೂ ಇದೇ ಪ್ರಶ್ನೆ ನನ್ನ ಮುಂದೆ ಬಂದು ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ಮಾತಿನಲ್ಲಿ ಉತ್ತರಿಸಿದ್ದೇನೆ. ಕೇಳಿದವರು ತಲೆಯಾಡಿಸಿ ಹೋಗಿ, ತಿಂಗಳೊಳಗೆ ಹೊಸ ಬ್ರಿಡ್ಜ್ ಕೂರಿಸಿಕೊಂಡು ಬಂದು ‘ಆ ಸ್ವರ ಈಗಲೂ ಹಾಗೇ ಇದೆ’ ಎಂದಿದ್ದಾರೆ. ಒಂದು ಮಾತು ಸಾಲದು ಎಂದು ತಿಳಿದುದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಈ ನಂಬಿಕೆ ನಮ್ಮವರಲ್ಲಿ ಇಷ್ಟು ಆಳವಾಗಿ ಬೇರೂರಲು ಕಾರಣವಿದೆ. ವೀಣೆ, ತಂಬೂರಿಗಳನ್ನು ನೋಡಿ ಬೆಳೆದವರಿಗೆ ಕುದುರೆಯೆಂದರೆ, ಅಂದರೆ ಆ ವಾದ್ಯಗಳ ಬ್ರಿಡ್ಜ್ ಎಂದರೆ, ನಾದದ ಹೆಬ್ಬಾಗಿಲು. ತಂಬೂರಿಯಲ್ಲಿ ಅದು ನಿಜವೂ ಹೌದು. ಕುದುರೆಯ ಬೆನ್ನಿನ ಇಳಿಜಾರು ಕೂದಲೆಳೆಯಷ್ಟು ಬದಲಾದರೂ ತಂತಿಯ ಝೇಂಕಾರ ಬದಲಾಗುತ್ತದೆ. ತಂತಿಯ ಕೆಳಗೆ ತೂರಿಸುವ ನೂಲಿನ ಎಳೆಯನ್ನು ಸ್ವಲ್ಪ ಸರಿಸಿದರೆ ಸ್ವರಕ್ಕೆ ಜೀವ ಬರುತ್ತದೆ. ತಂತಿಯ ಕಂಪನವನ್ನು ಕೊಡಕ್ಕೆ ದಾಟಿಸಿ, ಗಾಳಿಯನ್ನು ಅಲುಗಿಸಿ, ಕಿವಿಗೆ ತಲುಪಿಸುವುದೇ ಅಲ್ಲಿ ಕುದುರೆಯ ಕೆಲಸ.

ಬೇಸ್ ಗಿಟಾರ್‌ನ ಬ್ರಿಡ್ಜ್‌ಗೆ ಆ ಕೆಲಸವೇ ಇಲ್ಲ. ಟೊಳ್ಳಿಲ್ಲದ ಮರದ ದಿಮ್ಮಿಯ ಮೇಲೆ ತಂತಿಯ ಒಂದು ತುದಿಯನ್ನು ಅಲುಗದಂತೆ ಹಿಡಿದರೆ ಅದರ ಕರ್ತವ್ಯ ಮುಗಿಯಿತು. ಸ್ವರವನ್ನು ಹಿಡಿಯುವುದು ತಂತಿಗಳ ಕೆಳಗೆ ಕೂರಿಸಿದ ಪಿಕಪ್‌ನ ಅಯಸ್ಕಾಂತ. ತಂತಿಗೆ ಶಕ್ತಿ ಕೊಡುವುದು ನಿಮ್ಮ ಬೆರಳು, ಅದೂ ಮೀಟುವ ಒಂದು ಕ್ಷಣದಲ್ಲಿ ಮಾತ್ರ. ಆಮೇಲೆ ಯಾವ ಲೋಹವೂ ಆ ಶಕ್ತಿಗೆ ಒಂದು ಹನಿ ಸೇರಿಸಲಾರದು. ಸೋರಿಕೆಯನ್ನು ತಡೆಯಬಹುದು, ಅಷ್ಟೇ. ಹಾಗಾದರೆ ಕೇಳಬೇಕಾದದ್ದು ಒಂದೇ: ಸೋರುತ್ತಿರುವುದು ಎಲ್ಲಿ?

ಅದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಜಿ ತಂತಿಯಲ್ಲಿ ‘ಒಂದೆರಡು ಸ್ವರಗಳು’ ಸಾಯುತ್ತವೆ ಎಂದು ನೀವೇ ಬರೆದಿದ್ದೀರಿ. ಫ್ರೆಟ್ ಎಂದರೆ ವೀಣೆಯ ಮೆಟ್ಟಿಲಿನಂತೆ ಕತ್ತಿನ ಮೇಲಿರುವ ಅಡ್ಡಪಟ್ಟಿ. ಮೂರನೆಯ ಫ್ರೆಟ್‌ಗೂ ಆರನೆಯ ಫ್ರೆಟ್‌ಗೂ ಬ್ರಿಡ್ಜ್ ಒಂದೇ, ಅದರ ಮೇಲೆ ತಂತಿ ಕೂರುವ ಸ್ಯಾಡಲ್ ಒಂದೇ, ತಂತಿಯೂ ಒಂದೇ. ಸೋರಿಕೆ ಬ್ರಿಡ್ಜ್‌ನಲ್ಲಿದ್ದರೆ ಆ ತಂತಿಯ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ರೀತಿ ಬಡವಾಗಬೇಕಿತ್ತು. ಆರನೆಯದು ಮಾತ್ರ ಸತ್ತು ಮೂರನೆಯದು ಹಾಡುತ್ತಿದೆಯೆಂದರೆ ದೋಷ ತಂತಿಯ ಇನ್ನೊಂದು ತುದಿಯಲ್ಲಿದೆ. ನೀವು ಎಡಗೈಯಲ್ಲಿ ಹಿಡಿದಿರುವ ಕತ್ತಿನಲ್ಲಿದೆ.

ಬೇಸ್‌ನ ಕತ್ತು ಉದ್ದನೆಯ, ತೆಳುವಾದ ಮರದ ತುಂಡು. ಅದರ ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ಭಾರದ ಬಿರಟೆಗಳು ನೇತಾಡುತ್ತವೆ. ಯಾವುದೇ ಉದ್ದನೆಯ ವಸ್ತುವಿನಂತೆ ಅದಕ್ಕೂ ತನ್ನದೇ ಆದ ಕೆಲವು ಕಂಪನಾಂಕಗಳಿವೆ, ಎಂದರೆ ಸೆಕೆಂಡಿಗೆ ಇಷ್ಟು ಸಲ ಎಂದು ಅದು ಸುಲಭವಾಗಿ ಅಲುಗುವ ಲೆಕ್ಕಗಳಿವೆ. ಈ ಲೆಕ್ಕವನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಜಿ ತಂತಿಯ ಐದನೆಯ ಫ್ರೆಟ್‌ನಲ್ಲಿ ಬರುವ ಸಿ ಸ್ವರ ಸುಮಾರು 131 ಹರ್ಟ್ಸ್, ಏಳನೆಯದರಲ್ಲಿ ಬರುವ ಡಿ ಸುಮಾರು 147 ಹರ್ಟ್ಸ್. ಈ ಮಾದರಿಯ ಬಹುತೇಕ ವಾದ್ಯಗಳಲ್ಲಿ ಕತ್ತಿನ ಒಂದು ಕಂಪನಾಂಕ ಇದೇ ಆಸುಪಾಸಿನಲ್ಲಿ ಬಂದು ಕೂರುತ್ತದೆ. ಆ ಸ್ವರ ನುಡಿಸಿದಾಗ ಕತ್ತು ತಂತಿಯ ಜೊತೆ ತಾನೂ ತೂಗತೊಡಗಿ ಅದರ ಶಕ್ತಿಯನ್ನು ಕುಡಿದುಬಿಡುತ್ತದೆ. 1990ರ ದಶಕದಲ್ಲಿ ಮ್ಯೂನಿಕ್‌ನ ಸಂಶೋಧಕ ಹೆಲ್ಮುಟ್ ಫ್ಲೈಷರ್ ಎಲೆಕ್ಟ್ರಿಕ್ ಗಿಟಾರ್ ಮತ್ತು ಬೇಸ್‌ಗಳನ್ನು ಸಾಧನಗಳಿಂದ ಅಳೆದು ಇದನ್ನೇ ತೋರಿಸಿದರು: ಬ್ರಿಡ್ಜ್‌ನ ತುದಿ ಬಹುಮಟ್ಟಿಗೆ ಅಲುಗುವುದೇ ಇಲ್ಲ, ಅಲುಗುವುದು ಕತ್ತು. ಕೊಡದ ಕಂಠದಲ್ಲಿ ತೂತಿರುವಾಗ ನೀವು ಎಂಟು ಸಾವಿರ ಕೊಟ್ಟು ತಳಕ್ಕೆ ಬೆಸುಗೆ ಹಾಕಿಸಲು ಹೊರಟಿದ್ದೀರಿ.

ನನ್ನ ಮಾತನ್ನು ನಂಬಬೇಕಿಲ್ಲ. ಇಂದು ಸಂಜೆಯೇ ಪರೀಕ್ಷಿಸಿ. ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದು ಸಾಕು. ಜಿ ತಂತಿಯ ಮೂರರಿಂದ ಒಂಬತ್ತನೆಯ ಫ್ರೆಟ್‌ವರೆಗೆ ಒಂದೊಂದು ಸ್ವರವನ್ನೂ ಒಂದೇ ಬಲದಿಂದ ಮೀಟಿ, ಎಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಸತ್ತ ಸ್ವರ ಯಾವುದೆಂದು ಖಚಿತವಾದ ಮೇಲೆ, ಬಿರಟೆಗಳಿರುವ ತುದಿಯನ್ನು ಮರದ ಬೀರುವಿಗೋ ಗೋಡೆಗೋ ಒತ್ತಿ ಹಿಡಿದು ಅದೇ ಸ್ವರವನ್ನು ಮತ್ತೆ ಮೀಟಿ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಆಮೇಲೆ ಬಡಗಿಗಳು ಬಳಸುವ ಸಣ್ಣ ಕ್ಲ್ಯಾಂಪ್ ಒಂದನ್ನು ಎರವಲು ತಂದು, ಬಟ್ಟೆ ಸುತ್ತಿ ಅದೇ ತುದಿಗೆ ಬಿಗಿಯಿರಿ. ತುದಿಯ ಭಾರ ಹೆಚ್ಚಿದೊಡನೆ ಕತ್ತಿನ ಕಂಪನಾಂಕ ಇಳಿಯುತ್ತದೆ, ಸತ್ತ ಸ್ವರ ಒಂದು ಫ್ರೆಟ್ ಕೆಳಗೆ ಸರಿಯುತ್ತದೆ. ಭಾರ ಸರಿಯಾಗಿ ಹೊಂದಿದರೆ ಅದು ಎರಡು ಫ್ರೆಟ್‌ಗಳ ನಡುವೆ, ಯಾವ ಸ್ವರಕ್ಕೂ ತಗಲದ ಜಾಗದಲ್ಲಿ ಅಡಗಿಕೊಳ್ಳುತ್ತದೆ. ಬ್ರಿಡ್ಜ್‌ಗೆ ಕೈಯನ್ನೇ ಹಚ್ಚದೆ ಇಷ್ಟೂ ಆಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ಕಾರ್ಯಕ್ರಮ ನಾಳೆಯೇ ಇದ್ದರೆ ಇನ್ನೂ ಸುಲಭದ ದಾರಿ ಇದೆ. ಜಿ ತಂತಿಯ ಐದನೆಯ ಫ್ರೆಟ್‌ನ ಸಿ ಸಾಯುತ್ತಿದ್ದರೆ ಅದೇ ಸಿಯನ್ನು ಡಿ ತಂತಿಯ ಹತ್ತನೆಯ ಫ್ರೆಟ್‌ನಲ್ಲಿ ನುಡಿಸಿ. ಅಲ್ಲಿ ಕತ್ತು ಅಷ್ಟು ತೂಗುವುದಿಲ್ಲವಾದ್ದರಿಂದ ಸ್ವರ ಬದುಕುತ್ತದೆ.

‘ಆದರೆ ನನ್ನ ಸ್ನೇಹಿತನ ವಾದ್ಯ ಹಿತ್ತಾಳೆ ಹಾಕಿಸಿದ ದಿನದಿಂದ ಬೇರೆಯೇ ಆಗಿದೆ’ ಎನ್ನುವವರು ಇದ್ದೇ ಇರುತ್ತಾರೆ. ಬೇರೆಯಾಗಿರುವುದು ನಿಜ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ದಿನ ಏನೇನಾಯಿತು ಎಂದು ಕೇಳಿ ನೋಡಿ. ಬ್ರಿಡ್ಜ್ ಬಿಚ್ಚಬೇಕಾದರೆ ತಂತಿ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಎರಡು ವರ್ಷದ ಹಳೆಯ ತಂತಿಯನ್ನೇ ಮತ್ತೆ ಯಾರೂ ಹಾಕುವುದಿಲ್ಲ, ಹೊಸದು ಬರುತ್ತದೆ. ಹೊಸ ಸ್ಯಾಡಲ್‌ಗಳ ಎತ್ತರ ಬೇರೆಯಾದ್ದರಿಂದ ಕತ್ತಿನ ಬಾಗು, ತಂತಿಯ ಎತ್ತರ, ಶ್ರುತಿಯ ಹೊಂದಾಣಿಕೆ ಎಲ್ಲವನ್ನೂ ಹೊಸದಾಗಿ ಮಾಡಬೇಕಾಗುತ್ತದೆ. ಒಂದೇ ದಿನ ಮೂರು ಕೆಲಸಗಳಾದವು, ಹೆಸರು ಮಾತ್ರ ಹಿತ್ತಾಳೆಗೆ ಹೋಯಿತು. ಬೆವರು ಮತ್ತು ಕೊಳೆ ತಂತಿಯ ಸುತ್ತುಗಳ ನಡುವೆ ಸೇರಿಕೊಂಡು ಕಂಪನವನ್ನು ಒಳಗೇ ನುಂಗುತ್ತದೆ. ಹೊಸ ತಂತಿ ಹಾಕಿದಾಗ ಕೇಳುವ ಮಿಂಚು ಆ ಕೊಳೆಯಿಲ್ಲದ ಮಿಂಚು. ನೂರಕ್ಕೆ ನೂರು ಜನ ಹೇಳಿದರೂ ನಾನು ಇದನ್ನು ಒಪ್ಪದಿರುವುದಕ್ಕೆ ಕಾರಣ ಇದೇ. ತಂತಿಯನ್ನೂ ಹೊಂದಾಣಿಕೆಯನ್ನೂ ಹಾಗೇ ಉಳಿಸಿಕೊಂಡು ಬ್ರಿಡ್ಜ್ ಒಂದನ್ನೇ ಬದಲಿಸಿ ಕೇಳಿದವರು ಅವರಲ್ಲಿ ಒಬ್ಬರೂ ಇಲ್ಲ.

ದೊಡ್ಡವರ ಹೆಸರು ಹೇಳಿ ವಾದಿಸುವುದು ನನಗೆ ಇಷ್ಟವಿಲ್ಲ, ಆದರೂ ಅವರ ಹೆಸರನ್ನೇ ಮುಂದಿಟ್ಟು ಕೇಳುವವರಿರುವುದರಿಂದ ಹೇಳುತ್ತೇನೆ. ಹೆಸರಾಂತ ಬೇಸ್ ವಾದಕರಾದ ಗೆಡಿ ಲೀ, ಮಾರ್ಕಸ್ ಮಿಲ್ಲರ್ ಇಬ್ಬರ ಜಾಝ್ ಬೇಸ್‌ಗಳಲ್ಲೂ ಬ್ಯಾಡಾಸ್ ಎಂಬ ಭಾರದ ಬ್ರಿಡ್ಜ್ ಇತ್ತು. ಆ ಚಿತ್ರಗಳನ್ನು ನೋಡಿಯೇ ಈ ಹುಚ್ಚು ಹಬ್ಬಿತು. ಆದರೆ ಜಾಕೊ ಪಾಸ್ಟೋರಿಯಸ್ ನುಡಿಸಿದ್ದು 1962ರ ಜಾಝ್ ಬೇಸ್. ಫ್ರೆಟ್‌ಗಳನ್ನು ಕಿತ್ತು, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಬೆರಳುಹಲಗೆಗೆ ಬಳಿದದ್ದು. ಅದರ ಬ್ರಿಡ್ಜ್ ನಿಮ್ಮದರಂತೆ ಬಗ್ಗಿಸಿದ ತಗಡು. ಸ್ವರವನ್ನು ಎಳೆದು ಹಾಡಿಸುವುದರಲ್ಲಿ ಅವರನ್ನು ಮೀರಿಸಿದ ಬೇಸ್ ವಾದಕರನ್ನು ನಾನು ಕೇಳಿಲ್ಲ.

ಇನ್ನು, ಸಸ್ಟೇನ್ ನಿಮಗೆ ಎಷ್ಟು ಬೇಕು? ನಿಮಿಷಕ್ಕೆ 80 ಬಡಿತದ ನಿಧಾನದ ಹಾಡಿನಲ್ಲೂ ನಾಲ್ಕು ಬಡಿತದ ಪೂರ್ಣ ಸ್ವರ ಮೂರೇ ಸೆಕೆಂಡು. ಆರೋಗ್ಯವಾಗಿರುವ ಯಾವ ಬೇಸ್‌ನ ಬಿಡಿ ತಂತಿಯೂ ಹತ್ತು ಸೆಕೆಂಡಿಗಿಂತ ಹೆಚ್ಚು ನುಡಿಯುತ್ತದೆ. ನಮ್ಮ ಕೆಲಸದ ಅರ್ಧಭಾಗ ಸ್ವರವನ್ನು ಸರಿಯಾದ ಕ್ಷಣದಲ್ಲಿ ನಿಲ್ಲಿಸುವುದು. ಫೆಂಡರ್ ಕಂಪನಿ ಹಳೆಯ ಪ್ರಿಸಿಷನ್ ಬೇಸ್‌ಗಳಲ್ಲಿ ಬ್ರಿಡ್ಜ್‌ನ ಮುಚ್ಚಳದ ಒಳಗೆ ಫೋಮ್ ಪಟ್ಟಿ ಅಂಟಿಸುತ್ತಿದ್ದದ್ದು ತಂತಿಯ ನಾದವನ್ನು ತಗ್ಗಿಸುವುದಕ್ಕೇ. 1976ರಲ್ಲಿ ಬಂದ ಸ್ಟಿಂಗ್‌ರೇ ಎಂಬ ಬೇಸ್‌ನ ಬ್ರಿಡ್ಜ್‌ನಲ್ಲೂ ಅಂಥದೇ ಏರ್ಪಾಡಿತ್ತು. ಡೆಟ್ರಾಯಿಟ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಆ ಫೋಮನ್ನು ಹಾಗೇ ಉಳಿಸಿಕೊಂಡು, ತಂತಿಯನ್ನು ಬದಲಿಸುವ ಗೋಜಿಗೇ ಹೆಚ್ಚಾಗಿ ಹೋಗದೆ, ಇಡೀ ಜಗತ್ತು ಕುಣಿಯುವಂತೆ ನುಡಿಸಿದರು.

ಹಾಗೆಂದು ಬ್ರಿಡ್ಜ್ ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಸ್ಯಾಡಲ್‌ನ ಸಣ್ಣ ತಿರುಪುಗಳು ತುಕ್ಕು ಹಿಡಿದು ತಿರುಗದಂತಾದರೆ, ಸ್ಯಾಡಲ್ ಪಕ್ಕಕ್ಕೆ ಜಾರುತ್ತಿದ್ದರೆ, ಶ್ರುತಿ ಹೊಂದಿಸಲು ಜಾಗ ಸಾಲದಿದ್ದರೆ ಬದಲಿಸಿ. ಬದಲಿಸುವಾಗ ಬ್ರಿಡ್ಜ್‌ನ ಅಡಿಯಲ್ಲಿರುವ ಸಣ್ಣ ಅರ್ಥಿಂಗ್ ತಂತಿ ಲೋಹಕ್ಕೆ ತಗಲಿದೆಯೇ ನೋಡಿ. ಅದನ್ನು ಮರೆತು, ಆಮೇಲೆ ಗುಂಯ್‌ಗುಡುವ ವಾದ್ಯಕ್ಕೆ ಹೊಸ ಪಿಕಪ್ ಕೊಂಡವರನ್ನು ನಾನು ಬಲ್ಲೆ. ಮತ್ತು ಹೊಸ ಬ್ರಿಡ್ಜ್ ಹಳೆಯ ತಿರುಪಿನ ರಂಧ್ರಗಳಿಗೇ ಕೂರಬೇಕು. ಹೊಸ ರಂಧ್ರ ಕೊರೆಯಬೇಡಿ.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1996ರಲ್ಲಿ ನಾನು ಜಪಾನಿನಲ್ಲಿ ತಯಾರಾದ ಪ್ರಿಸಿಷನ್ ಮಾದರಿಯ ಬೇಸ್ ಒಂದನ್ನು ಕೊಂಡೆ. ವಾದ್ಯವೃಂದದ ಹಿರಿಯರೊಬ್ಬರು ನುಡಿಸಿ ನುಡಿಸಿ ಪಳಗಿಸಿದ್ದ ವಾದ್ಯ ಅದು. ವರ್ಷದೊಳಗೆ ಹಿತ್ತಾಳೆಯ ಬ್ರಿಡ್ಜ್ ಹಾಕಿಸಿದೆ, ರಂಧ್ರಗಳು ಹೊಂದಲಿಲ್ಲವೆಂದು ಮೂರು ಹೊಸದು ಕೊರೆಸಿದೆ, ಹಳೆಯದನ್ನು ಗುಜರಿಗೆ ಹಾಕಿದೆ. ಮುಂದಿನ ವರ್ಷ ನಾದವನ್ನು ತಿದ್ದಲು ಒಂಬತ್ತು ವೋಲ್ಟಿನ ಬ್ಯಾಟರಿ ಕೂರುವ ಆ್ಯಕ್ಟಿವ್ ಸರ್ಕ್ಯೂಟ್‌ಗಾಗಿ ಹಿಂಬದಿಯ ಮರವನ್ನು ಕೆತ್ತಿಸಿದೆ. ಇಷ್ಟಾದರೂ ನನಗೆ ಬೇಕಾದ ನಾದ ಬರಲಿಲ್ಲವೆಂದು ಕೊನೆಗೆ ಅದನ್ನು ಮಾರಿಬಿಟ್ಟೆ. ಎಷ್ಟೋ ವರ್ಷಗಳ ಮೇಲೆ, ಕೊಂಡ ಹೊಸದರಲ್ಲಿ ಒಂದು ಗಣೇಶೋತ್ಸವದಲ್ಲಿ ನುಡಿಸಿದ್ದರ ಕ್ಯಾಸೆಟ್ ಸಿಕ್ಕಿತು. ಹಾಕಿ ಕೇಳಿದೆ. ನಾನು ಹುಡುಕುತ್ತಿದ್ದ ನಾದ ಅದರಲ್ಲಿತ್ತು. ಆ ವಾದ್ಯ ಈಗ ಯಾರ ಬಳಿ ಇದೆಯೋ ತಿಳಿಯದು. ಅಂದಿನಿಂದ ವಾದ್ಯದಿಂದ ಬಿಚ್ಚಿದ ಒಂದು ತಿರುಪನ್ನೂ ನಾನು ಎಸೆದಿಲ್ಲ. ನೀವೂ ಎಸೆಯಬೇಡಿ; ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದು ಪೆಟ್ಟಿಗೆಯಲ್ಲಿಡಿ.

ನಿಮ್ಮ ಹಣದ ವಿಷಯ. ಒಳ್ಳೆಯ ತಂತಿ ಒಂದು ಸೆಟ್ ಕೊಳ್ಳಿ. ಕತ್ತಿನ ಬಾಗನ್ನು ಹತೋಟಿಯಲ್ಲಿಡುವ, ಅದರೊಳಗಿನ ಲೋಹದ ಕಂಬಿಯನ್ನು (ಟ್ರಸ್ ರಾಡ್) ಬಲ್ಲವರ ಕೈಯಲ್ಲಿ ಹೊಂದಾಣಿಕೆ ಮಾಡಿಸಿ. ಮೊದಲ ಫ್ರೆಟ್ ಮತ್ತು ಕತ್ತು ದೇಹಕ್ಕೆ ಸೇರುವಲ್ಲಿನ ಫ್ರೆಟ್ ಎರಡರಲ್ಲೂ ತಂತಿಯನ್ನು ಒತ್ತಿದಾಗ, ನಡುವಿನ ಫ್ರೆಟ್‌ಗೂ ತಂತಿಗೂ ಮಧ್ಯೆ ವಿಸಿಟಿಂಗ್ ಕಾರ್ಡಿನಷ್ಟು, ಎಂದರೆ ಸುಮಾರು 0.3 ಮಿಲಿಮೀಟರ್ ಸಂದು ಉಳಿಯಬೇಕು. ಮಳೆಗಾಲಕ್ಕೂ ಬೇಸಿಗೆಗೂ ಇದು ಬದಲಾಗುತ್ತದೆ, ವರ್ಷಕ್ಕೆ ಎರಡು ಸಲ ನೋಡಿಸಿ. ಉಳಿದ ಹಣ ಹಾಗೇ ಇರಲಿ.

ಕತ್ತಿನ ಮಾತು ಬಂದದ್ದರಿಂದ ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕೆನಿಸುತ್ತಿದೆ. ನಿಮ್ಮ ಬೆರಳಡಿಯ ಆ ಕಂದು ಹಲಗೆ ಯಾವ ಮರದ್ದು ಎಂದು ಯೋಚಿಸಿದ್ದೀರಾ? ದಶಕಗಳ ಕಾಲ ಅಮೆರಿಕ, ಜಪಾನಿನ ಗಿಟಾರ್‌ಗಳಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದು ಬರೆಯುತ್ತಿದ್ದ ಮರ ನಮ್ಮ ಬೀಟೆ. ಪಶ್ಚಿಮ ಘಟ್ಟದ ಮರ, ಮೈಸೂರಿನ ಕುಸುರಿಗಾರರು ಚಿತ್ರ ಕೂರಿಸುವ ಅದೇ ಮರ. 1992ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಮಾರಾಟಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಿತ್ತು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿ ಕಡ್ಡಾಯವಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಈ ನಡುವೆ ಕಡಿಮೆ ಬೆಲೆಯ ವಾದ್ಯಗಳನ್ನು ಮಾಡುವವರು ಬೇರೆ ಮರಗಳಿಗೆ ಹೊರಳಿದರು. ಅವುಗಳಲ್ಲಿ ಒಂದು ‘ಇಂಡಿಯನ್ ಲಾರೆಲ್’. ನಿಮ್ಮ ವಾದ್ಯದ ವಿವರಪಟ್ಟಿಯಲ್ಲಿ ಈ ಹೆಸರು ಇರುವ ಸಂಭವ ಹೆಚ್ಚು.

ಇಂಡಿಯನ್ ಲಾರೆಲ್ ಎಂದರೆ ನಮ್ಮ ಮತ್ತಿ. ಹಲಗೆ ಒಣಗಿ ಬೆಳ್ಳಗಾದಾಗ ಅದಕ್ಕೆ ಅಡುಗೆ ಎಣ್ಣೆ ಹಚ್ಚಬೇಡಿ, ಹಳಸಿ ಜಿಡ್ಡಾಗುತ್ತದೆ. ಬೆರಳುಹಲಗೆಗೆಂದೇ ಸಿಗುವ ಎಣ್ಣೆಯನ್ನು ವರ್ಷಕ್ಕೊಮ್ಮೆ ಒಂದೆರಡು ಹನಿ ಸವರಿ ಒರೆಸಿದರೆ ಸಾಕು. ಮುಂದಿನ ಸಲ ಸಕಲೇಶಪುರದ ಕಡೆ ಕಾರ್ಯಕ್ರಮಕ್ಕೆ ಹೋಗುವಾಗ ಕಿಟಕಿಯಿಂದ ಹೊರಗೆ ನೋಡುತ್ತಿರಿ. ಕಾಂಡದ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದಿರುವ ಎತ್ತರದ ಮರ ಕಂಡರೆ ಅದೇ ಮತ್ತಿ.