ತಲೆಬುಡ ಎರಡೂ ಇರುವ ಪ್ರತಿ

ಯಾವುದಕ್ಕಾದರೂ ಕಿಮ್ಮತ್ತಿಲ್ಲ ಎನ್ನಬೇಕಾದಾಗ ‘ತೃಣಸಮಾನ’ ಎಂದುಬಿಡುವುದು ನಮ್ಮ ಹಳೆಯ ಚಾಳಿ. ತೃಣದ ಲೆಕ್ಕಪತ್ರ ನೋಡಿದವರು ಹಾಗೆನ್ನಲಾರರು. ಗೋಧಿಯೂ ಕುಲದಲ್ಲಿ ಹುಲ್ಲೇ. 2018ರಲ್ಲಿ ಪ್ರಕಟವಾದ ಅದರ ಜೀನೋಮಿನಲ್ಲಿ, ಎಂದರೆ ಡಿಎನ್‌ಎಯ ಇಡೀ ಬರಹದಲ್ಲಿ, ಖಚಿತವೆಂದು ಗುರುತು ಹಾಕಿದ ಜೀನ್‌ಗಳು 1,07,891. ಪ್ರೋಟೀನ್ ಕಟ್ಟುವ ಜೀನ್‌ಗಳು ಮನುಷ್ಯನಲ್ಲಿರುವುದು ಸುಮಾರು 20 ಸಾವಿರ. ಮೂರು ಪೂರ್ವಜ ಹುಲ್ಲುಗಳ ಆಸ್ತಿಯನ್ನು ಗೋಧಿ ಪಾಲು ಮಾಡದೆ ಒಂದೇ ಮನೆಯಲ್ಲಿಟ್ಟುಕೊಂಡಿರುವುದರಿಂದ ಸಂಖ್ಯೆ ಹೀಗೆ ಉಬ್ಬಿದೆ, ನಿಜ. ಆದರೆ ಇದನ್ನು ಕೇಳಿ ಬೆರಗಾಗುವವರಲ್ಲಿ ಹೆಚ್ಚಿನವರು ಅದನ್ನು ಎಣಿಸಿದ್ದು ಹೇಗೆ ಎಂದು ಕೇಳುವುದಿಲ್ಲ.

ಜೀನೋಮ್ ಓದಿಯಾಯಿತು, ಇನ್ನು ಗುಟ್ಟೆಲ್ಲ ರಟ್ಟು ಎಂಬ ಸುದ್ದಿ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಡಿಎನ್‌ಎ ಉದ್ದಕ್ಕೂ ‘ಜೀನ್ ಇಲ್ಲಿಂದ ಆರಂಭ’ ಎಂಬ ಫಲಕಗಳನ್ನು ಯಾರೂ ನೆಟ್ಟಿಲ್ಲ. ಸುಳಿವುಗಳಿವೆ, ಅಂಥದೇ ಹುಸಿ ಸುಳಿವುಗಳೂ ಧಾರಾಳವಾಗಿವೆ. ಸಾಲದ್ದಕ್ಕೆ, ಜೀನ್‌ನ ನಡುನಡುವೆ ಇಂಟ್ರಾನ್ ಎಂಬ ಕತ್ತರಿಸಿ ಎಸೆಯಬೇಕಾದ ಭಾಗಗಳು ಇರುತ್ತವೆ ಎಂಬುದು 1977ರಲ್ಲೇ ಗೊತ್ತಾಯಿತು. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂದು ಕಂಪ್ಯೂಟರ್ ಊಹಿಸಬಹುದು. ಸಾಕ್ಷಿ ಹೇಳಬೇಕಾದದ್ದು ಮಾತ್ರ ಜೀನನ್ನು ನೋಡಿ ಜೀವಕೋಶ ತಾನೇ ಬರೆದುಕೊಂಡ ಆರ್‌ಎನ್‌ಎ ಪ್ರತಿ.

ಆ ಸಾಕ್ಷಿಯನ್ನು ನಾವು ಬಹುಕಾಲ ಚೂರು ಮಾಡಿಯೇ ವಿಚಾರಿಸಿದೆವು. 1991ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಮಾನವ ಮಿದುಳಿನ ಪ್ರತಿಗಳಿಂದ ಕೆಲವು ನೂರು ಅಕ್ಷರಗಳ (ಎಳೆಯಲ್ಲಿ ಸಾಲುಗಟ್ಟಿದ ರಾಸಾಯನಿಕ ಘಟಕಗಳ) ತುಣುಕುಗಳನ್ನು ಓದಿ, ಜೀನ್ ಪತ್ತೆಗೆ ಅಗ್ಗದ ದಾರಿ ತೋರಿಸಿತು. ದಾರಿ ಒಳ್ಳೆಯದೇ. ಆದರೆ ತುಣುಕು ಏನನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಹಣ್ಣುನೊಣದ ‘ಡಿಎಸ್‌ಕ್ಯಾಮ್’ ಜೀನ್ ನೋಡಿ. ಪ್ರತಿ ತಯಾರಾಗುವಾಗ ಒಂದು ಕಡೆ 12 ಚೂರುಗಳಲ್ಲಿ ಒಂದು, ಇನ್ನೊಂದು ಕಡೆ 48ರಲ್ಲಿ ಒಂದು, ಮತ್ತೊಂದು ಕಡೆ 33ರಲ್ಲಿ ಒಂದು, ಕೊನೆಗೆ ಎರಡರಲ್ಲಿ ಒಂದು ಆಯ್ಕೆಯಾಗುತ್ತದೆ. ಗುಣಿಸಿದರೆ 38,016 ಬಗೆ. ಯಾವ ಚೂರು ಎಷ್ಟು ಸಲ ಬಳಕೆಯಾಯಿತು ಎಂಬುದನ್ನು ತುಣುಕುಗಳು ಹೇಳುತ್ತವೆ. ಯಾವುದು ಯಾವುದರ ಜೊತೆ ಬಂತು ಎಂಬುದನ್ನು ಹೇಳಲಾರವು. ಅಂಚೆ ಚೀಲದ ಪತ್ರಗಳನ್ನೆಲ್ಲ ಕತ್ತರಿಸಿ ಕಲಸಿಟ್ಟರೆ ಎಷ್ಟು ಸಹಿಗಳಿವೆ, ಎಷ್ಟು ಒಕ್ಕಣೆಗಳಿವೆ ಎಂದು ಎಣಿಸಬಹುದು. ಯಾರು ಯಾರಿಗೆ ಬರೆದರು?

ಹಾಗಾಗಿ ಇಡೀ ಪ್ರತಿ ಬೇಕು, ತಲೆಯಿಂದ ಬುಡದವರೆಗೆ. ಬುಡ ಸುಲಭ: ಹೆಚ್ಚಿನ ಪ್ರತಿಗಳ ಕೊನೆಗೆ ‘ಎ’ ಅಕ್ಷರಗಳ ಉದ್ದನೆಯ ಬಾಲವಿರುತ್ತದೆ, ಅದಕ್ಕೆ ಕೊಕ್ಕೆ ಹಾಕಬಹುದು. ಅಲ್ಲಿಂದ ಹಿಮ್ಮುಖವಾಗಿ ಡಿಎನ್‌ಎ ನಕಲು ಮಾಡುವ ಕಿಣ್ವ 1970ರಿಂದಲೂ ಕೈಯಲ್ಲಿದೆ. ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಅದನ್ನು ಗಡ್ಡೆ ತರುವ ವೈರಸ್‌ಗಳಲ್ಲಿ ಬೇರೆಬೇರೆಯಾಗಿ ಕಂಡರು, 1975ರಲ್ಲಿ ನೊಬೆಲ್ ಪಡೆದರು. ತೊಂದರೆ ಏನೆಂದರೆ ಈ ಕಿಣ್ವ ಸೋಮಾರಿ. ಬುಡದಿಂದ ಹೊರಟು ಎಷ್ಟೋ ಸಲ ನಡುದಾರಿಯಲ್ಲೇ ಕೂತುಬಿಡುತ್ತದೆ. ಹಳೆಯ ಓಲೆಗರಿಯ ಕಟ್ಟುಗಳಲ್ಲಿ ಮೊದಲ ಗರಿಗಳೇ ಕಳೆದುಹೋಗಿರುವಂತೆ, ಜೀನ್ ಸಂಗ್ರಹಗಳಲ್ಲಿ ತಲೆಯಿಲ್ಲದ ಪ್ರತಿಗಳೇ ತುಂಬಿಕೊಂಡವು.

ಇದಕ್ಕೆ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಪಿಯೆರೋ ಕಾರ್ನಿಂಚಿ, ಯೋಶಿಹಿದೆ ಹಯಾಶಿಝಾಕಿ ಮತ್ತು ಸಂಗಡಿಗರು 1996ರಲ್ಲಿ ಹೂಡಿದ ಉಪಾಯವನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಸರವಿಲ್ಲ. ಪ್ರತಿಯ ತಲೆಗೆ ಒಂದು ಟೋಪಿ ಇರುತ್ತದೆ. ಅದು ಮಿಕ್ಕ ಅಕ್ಷರಗಳಂತೆ ಸಾಲಿನಲ್ಲಿ ನಿಂತಿಲ್ಲ, ಮಗುಚಿ ಅಂಟಿಕೊಂಡಿದೆ. ಮಗುಚಿದ್ದರಿಂದ ಅದರ ಸಕ್ಕರೆಯ ಅಕ್ಕಪಕ್ಕದ ಎರಡು ಕೈಗಳೂ ಖಾಲಿ. ಇಡೀ ಎಳೆಯಲ್ಲಿ ಹೀಗೆ ಎರಡು ಕೈ ಖಾಲಿ ಇರುವುದು ಎರಡೇ ಜಾಗಗಳಲ್ಲಿ, ಒಂದು ಟೋಪಿಯಲ್ಲಿ, ಇನ್ನೊಂದು ಬಾಲದ ತುತ್ತತುದಿಯಲ್ಲಿ. ಆ ಕೈಗಳಿಗೆ ಬಯೋಟಿನ್ ಎಂಬ ಅಣುವನ್ನು ಹಿಡಿಸುತ್ತಾರೆ. ಬಳಿಕ ಒಂಟಿ ಆರ್‌ಎನ್‌ಎ ಎಳೆಯನ್ನು ಮಾತ್ರ ತಿನ್ನುವ ಕಿಣ್ವವನ್ನು ಬಿಡುತ್ತಾರೆ. ನಕಲು ಡಿಎನ್‌ಎ ಎಲ್ಲಿಯವರೆಗೆ ಜೊತೆಗೂಡಿದೆಯೋ ಅಲ್ಲಿಯವರೆಗೆ ಬೇಲಿ ಹಾಕಿದ ಹಾಗೆ. ಬೇಲಿಯಿಲ್ಲದ ಕಡೆಯನ್ನೆಲ್ಲ ಮೇಕೆ ಮೇಯ್ದುಬಿಡುತ್ತದೆ. ಬಾಲದ ತುದಿ ಹೋಯಿತು, ಅದರ ಬಯೋಟಿನ್ ಕೂಡ ಹೋಯಿತು. ಅರ್ಧಕ್ಕೆ ನಿಂತ ನಕಲುಗಳ ತಲೆಯ ಭಾಗವೂ ಹೋಯಿತು. ಈಗ ಬಯೋಟಿನ್ ಹಿಡಿಯುವ ಅಯಸ್ಕಾಂತದ ಮಣಿಗಳಿಂದ ಎಳೆಯಿರಿ. ಬಾವಿಯ ಹಗ್ಗ ನಡುವೆ ತುಂಡಾಗಿದ್ದರೆ ಎಷ್ಟು ಸೇದಿದರೂ ಕೊಡ ಮೇಲೆ ಬರುವುದಿಲ್ಲ. ತುಂಡಾಗದ ಹಗ್ಗಗಳ ಕೊಡಗಳಷ್ಟೇ ಬರುತ್ತವೆ. ಮೇಕೆ, ಬೇಲಿ, ಬಾವಿ ಎಲ್ಲ ಕಲಸಿಹೋಯಿತು, ಕ್ಷಮಿಸಿ. ಒಂದೇ ಪ್ರಯೋಗನಳಿಕೆಯಲ್ಲಿ ಇವೆಲ್ಲವೂ ನಡೆಯುವುದಂತೂ ನಿಜ.

ಸೋಮಾರಿ ಕಿಣ್ವಕ್ಕೂ ಅವರೇ ಮದ್ದು ಕಂಡುಕೊಂಡರು. ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಗಂಟಾಗುತ್ತದೆ, ಕಿಣ್ವ ಆ ಗಂಟಿಗೆ ಎಡವುತ್ತದೆ. 60 ಡಿಗ್ರಿಗೆ ಕಾಯಿಸಿದರೆ ಗಂಟು ಸಡಿಲವಾಗುತ್ತದೆ, ಕಿಣ್ವವೂ ಕೆಟ್ಟುಹೋಗುತ್ತದೆ. 1998ರಲ್ಲಿ ಅವರು ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ ನೋಡಿದರು. ಒಣಗಿ ಸತ್ತಂತಿದ್ದು ನೀರು ತಾಗಿದೊಡನೆ ಜೀವ ತಳೆಯುವ ಯೀಸ್ಟ್‌ನಲ್ಲಿ, ಆರ್ಟಿಮಿಯಾ ಎಂಬ ಪುಟ್ಟ ಸಿಗಡಿಯ ತತ್ತಿಗಳಲ್ಲಿ ಇರುವ ಸಕ್ಕರೆಯೇ ಇದು. ಅದರ ಆಸರೆಯಲ್ಲಿ ಕಿಣ್ವ 60 ಡಿಗ್ರಿಯಲ್ಲೂ ಕೆಲಸ ಮಾಡಿತು.

ಮುಂದಿನದು ಸುಗ್ಗಿ. 2001ರಲ್ಲಿ ಇಲಿಯ 21,076 ಪೂರ್ಣಪ್ರತಿಗಳು, ಮರುವರ್ಷ 60,770. ಅವುಗಳಲ್ಲಿ ಪ್ರೋಟೀನ್ ಕಟ್ಟದೇ ಇರುವವೂ ಸಾವಿರಗಟ್ಟಲೆ ಇದ್ದವು. ಹುಲ್ಲುಗಳ ಸರದಿ 2003ರಲ್ಲಿ ಬಂತು: ನಿಪ್ಪೋನ್‌ಬಾರೆ ಎಂಬ ಭತ್ತದ ತಳಿಯ 28,469 ಪೂರ್ಣಪ್ರತಿಗಳು, ಭತ್ತದ ಜೀನೋಮ್ ನಕ್ಷೆ ಪೂರ್ತಿಯಾಗುವುದಕ್ಕೆ ಎರಡು ವರ್ಷ ಮೊದಲೇ. 2009ರಲ್ಲಿ ಮೆಕ್ಕೆಜೋಳದ 27,455. ಮೋಸೋ ಬಿದಿರಿನ ಕರಡು ಜೀನೋಮ್ ಬಂದದ್ದು 2013ರಲ್ಲಿ, ಅದರ 10,608 ಪ್ರತಿಗಳು 2010ರಲ್ಲೇ ಪ್ರಕಟವಾಗಿದ್ದವು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಭತ್ತದ ‘ವ್ಯಾಕ್ಸಿ’ ಜೀನನ್ನು ತೋರಿಸುತ್ತೇನೆ. ಕಾಳಿನಲ್ಲಿ ಅಮೈಲೋಸ್ ಎಂಬ ಪಿಷ್ಟ ತಯಾರಾಗುವುದು ಇದರಿಂದ. ಇಂಟ್ರಾನ್‌ಗಳು ಸಾಮಾನ್ಯವಾಗಿ ‘ಜಿ’, ‘ಟಿ’ ಅಕ್ಷರಗಳಿಂದ ಆರಂಭವಾಗುತ್ತವೆ. ನಿಪ್ಪೋನ್‌ಬಾರೆಯಂಥ ತಳಿಗಳಲ್ಲಿ ಈ ಜೀನ್‌ನ ಮೊದಲ ಇಂಟ್ರಾನಿನ ‘ಜಿ’ ಹೋಗಿ ಅಲ್ಲಿ ‘ಟಿ’ ಬಂದಿದೆ. ಅಷ್ಟೇ, ಒಂದು ಅಕ್ಷರ. ಕತ್ತರಿ ಹಾಕುವ ಯಂತ್ರಕ್ಕೆ ಗುರುತು ಸಿಗದೆ, ಸುಮಾರು 2,300 ಅಕ್ಷರಗಳಷ್ಟು ಇರಬೇಕಾದ ಪ್ರತಿ ಎಷ್ಟೋ ಸಲ ಸುಮಾರು 3,300 ಅಕ್ಷರಗಳಷ್ಟು ಉದ್ದ ಹಾಗೆಯೇ ಉಳಿಯುತ್ತದೆ. ಅದರಿಂದ ಪ್ರೋಟೀನ್ ಹುಟ್ಟುವುದಿಲ್ಲ, ಅಮೈಲೋಸ್ ಕಡಿಮೆಯಾಗುತ್ತದೆ, ಬೇಯಿಸಿದ ಕಾಳು ಅಂಟಂಟಾಗುತ್ತದೆ. ಬುಡದ ತುಣುಕನ್ನಷ್ಟೇ ಎಣಿಸಿದವನಿಗೆ ಎರಡು ಪ್ರತಿಗಳೂ ಒಂದೇ. ‘ಜೀನ್ ಚುರುಕಾಗಿದೆ’ ಎಂದು ಬರೆದುಕೊಂಡು ಅವನು ಹೊರಟುಹೋಗುತ್ತಾನೆ.

ಈಗ ಇಡೀ ಪ್ರತಿಯನ್ನು ಒಂದೇ ಉಸಿರಿಗೆ ಓದುವ ಯಂತ್ರಗಳು ಬಂದಿವೆ. 2016ರಲ್ಲಿ ಮೆಕ್ಕೆಜೋಳದ ಆರು ಅಂಗಾಂಶಗಳಿಂದ 1,11,151 ಬಗೆಯ ಪ್ರತಿಗಳು ಸಿಕ್ಕವು, ಶೇಕಡಾ 57ರಷ್ಟು ಅದುವರೆಗೆ ಯಾರೂ ಕಾಣದವು. ಇವೆಲ್ಲ ಗಿಡಕ್ಕೆ ಬೇಕಾದವೇ ಎಂದು ನಾನು ನಂಬುವುದಿಲ್ಲ, ಕತ್ತರಿ ತಪ್ಪಿದ ಕಚಡಾ ಪ್ರತಿಗಳೂ ಅದರಲ್ಲಿ ಇದ್ದೇ ಇರುತ್ತವೆ. ಉದ್ದದ ಓದು ಸಿಕ್ಕಿತೆಂದು ಟೋಪಿಯನ್ನು ಮರೆತವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮುರಿದ ಆರ್‌ಎನ್‌ಎ ಕೂಡ ಉದ್ದವಾಗಿಯೇ ಕಾಣುತ್ತದೆ, ಅದರ ಮುರಿದ ತುದಿ ಹೊಸ ಆರಂಭವೆಂದು ದಾಖಲೆಗೆ ಸೇರಿಬಿಡುತ್ತದೆ.

ಆರ್‌ಎನ್‌ಎಯನ್ನು ನಕಲು ಮಾಡದೆ ನೇರವಾಗಿ ಸೂಕ್ಷ್ಮರಂಧ್ರದಲ್ಲಿ ನುಸುಳಿಸಿ ಓದುವ ವಿಧಾನದಲ್ಲೂ ಇದೇ ಕಾಟ. ಎಳೆ ಬಾಲವನ್ನು ಮುಂದೆ ಮಾಡಿಕೊಂಡು ಒಳಹೋಗುತ್ತದೆ, ಒಂದು ಕಿಣ್ವ ಅದನ್ನು ಬಿಗಿಹಿಡಿದು ಒಂದೊಂದೇ ಅಕ್ಷರವಾಗಿ ಬಿಡುತ್ತಾ ಹೋಗುತ್ತದೆ. ತಲೆಯ ಹತ್ತಿರದ ಹತ್ತು ಹದಿನೈದು ಅಕ್ಷರ ಉಳಿದಾಗ ಹಿಡಿತ ತಪ್ಪಿ ಎಳೆ ಸರ್ರನೆ ಜಾರಿಬಿಡುತ್ತದೆ, ಆ ಅಕ್ಷರಗಳು ಓದಿಗೆ ಸಿಗುವುದಿಲ್ಲ. 2020ರಲ್ಲಿ ಅರಬಿಡಾಪ್ಸಿಸ್ ಗಿಡದ ಮೇಲೆ ಕೆಲಸ ಮಾಡಿದ ತಂಡವೊಂದು ಇದಕ್ಕೆ ಮತ್ತೆ ಟೋಪಿಯನ್ನೇ ಹಿಡಿಯಿತು. ಟೋಪಿ ಇದ್ದ ಪ್ರತಿಗಳ ತಲೆಗೆ ಮಾತ್ರ ಒಂದು ಹೆಚ್ಚುವರಿ ಆರ್‌ಎನ್‌ಎ ಚೂರನ್ನು ಅಂಟಿಸಿತು. ಜಾರಿಹೋಗುವ ಅಕ್ಷರಗಳು ಈಗ ಆ ಚೂರಿನವು.